ಅಂಗಡಿ ವಾಟ್ಸಾಪ್ ನೋಡ್ಕೊಳ್ಳೋಕೆ ಮನೆಯಿಂದಲೇ ಒಬ್ಬರು: ಯಾವ ಕೆಲಸ ಕೊಡಬೇಕು, ಯಾವ ಕೀಲಿ ಕೊಡಬಾರದು?

ಹಾಸನ: ರಾತ್ರಿ ಒಂಬತ್ತೂವರೆಗೆ ಶಟರ್ ಎಳೆದರೂ ಈಗ ಅಂಗಡಿ ಮುಚ್ಚಿದ ಲೆಕ್ಕವಲ್ಲ. ಊಟಕ್ಕೆ ಕೂತಾಗಲೂ ಫೋನ್ ಟಿಂಗ್ ಅನ್ನುತ್ತದೆ. "ಅಣ್ಣಾ, ಮುಕ್ಕಾಲಿಂಚು ಪೈಪ್ ಇದೆಯಾ?", "ಮೇಡಂ, ಸ್ಟೇಟಸ್‌ನಲ್ಲಿ ಹಾಕಿದ್ರಲ್ಲ ಆ ಸೀರೆ, ಎಷ್ಟು?", "ಸಾರ್, ಶನಿವಾರ ರೂಮ್ ಸಿಗುತ್ತಾ?" ಬೆಳಿಗ್ಗೆ ನೋಡಿ ಉತ್ತರ ಕೊಡೋಣ ಅಂದುಕೊಂಡರೆ, ಬೆಳಿಗ್ಗೆಯಷ್ಟರಲ್ಲಿ ಕೇಳಿದವರು ಬೇರೆ ಅಂಗಡಿಗೆ ಆರ್ಡರ್ ಕೊಟ್ಟಾಗಿರುತ್ತದೆ.

ಗಲ್ಲಾಪೆಟ್ಟಿಗೆ ಮುಂದೆ ಕೂತವರೇ ಮಾಲು ತೂಗಬೇಕು, ಚಿಲ್ಲರೆ ಎಣಿಸಬೇಕು, ಬಿಲ್ ಬರೆಯಬೇಕು. ಅದರ ನಡುವೆ ವಾಟ್ಸಾಪ್, ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್ ಎಲ್ಲ ನೋಡೋದು ಒಬ್ಬರಿಂದ ಆಗುವ ಮಾತಲ್ಲ. ಇದಕ್ಕೆ ದೊಡ್ಡ ಊರುಗಳ ವ್ಯಾಪಾರಿಗಳು ಕಂಡುಕೊಂಡ ದಾರಿಯ ಹೆಸರು ವರ್ಚುವಲ್ ಅಸಿಸ್ಟೆಂಟ್. ಹೆಸರು ಕೇಳಿ ರೋಬೋ ಅಂದುಕೊಳ್ಳಬೇಕಿಲ್ಲ. ಅಂಗಡಿಗೆ ಬಾರದೆ, ತಮ್ಮ ಮನೆಯಲ್ಲೇ ಕೂತು, ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಅಂಗಡಿಯ ಕೆಲಸ ಮಾಡಿಕೊಡುವ ಮನುಷ್ಯರೇ ಇವರು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಗಳು ಇರಬಹುದು, ಕಾಲೇಜು ಮುಗಿಸಿಕೊಂಡು ಸಂಜೆ ಎರಡು ಗಂಟೆ ಬಿಡುವಿರುವ ಹುಡುಗ ಇರಬಹುದು.

ಹಾಗಂತ ಎಲ್ಲ ಅಂಗಡಿಗೂ ಇವರು ಬೇಕೇ? ಬೇಕಿಲ್ಲ. ಬೇಕಾದವರು ಸರಿಯಾಗಿ ಸೇರಿಸಿಕೊಳ್ಳದಿದ್ದರೆ ಇಪ್ಪತ್ತು ವರ್ಷದ ಗಿರಾಕಿಗಳ ನಂಬರ್ ಸಮೇತ ವ್ಯಾಪಾರವೇ ಬೇರೆಯವರ ಕೈಗೆ ಹೋಗುವ ಅಪಾಯವೂ ಇದೆ.

ಯಾವ ಕೆಲಸ ಕೊಡಬಹುದು?

ಕೆಲಸಕ್ಕೆ ಜನ ಹುಡುಕುವ ಮೊದಲು ಕೆಲಸ ಯಾವುದು ಅಂತ ಗೊತ್ತಿರಬೇಕು. ಒಂದು ವಾರ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು: ದಿನಕ್ಕೆ ಎಷ್ಟು ಮೆಸೇಜ್ ಬಂತು, ಯಾವುದಕ್ಕೆ ಉತ್ತರ ಕೊಡಲು ಆಗಲಿಲ್ಲ, ಒಂದೇ ಪ್ರಶ್ನೆ ಎಷ್ಟು ಸಲ ಬಂತು. ಆ ಪಟ್ಟಿಯಲ್ಲಿ ಅಂಗಡಿಯಲ್ಲಿ ನಿಂತೇ ಮಾಡಬೇಕಾದ್ದು, ಎಲ್ಲಿ ಕೂತರೂ ಮಾಡಬಹುದಾದ್ದು ಎರಡೂ ಬೇರೆಯಾಗಿ ಕಾಣುತ್ತದೆ.

ಅರಸೀಕೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳಿ. ಮೇಸ್ತ್ರಿಗಳು ಕಳಿಸುವ ಸಾಮಾನಿನ ಪಟ್ಟಿಗೆ ಕೊಟೇಶನ್ ಟೈಪ್ ಮಾಡುವುದು, ಬಾಕಿ ಉಳಿಸಿಕೊಂಡವರಿಗೆ ತಿಂಗಳ ಕೊನೆಯಲ್ಲಿ ಮರ್ಯಾದೆಯ ಭಾಷೆಯಲ್ಲಿ ನೆನಪಿಸುವುದು, ದಿನದ ಬಿಲ್‌ಗಳನ್ನು ಶೀಟ್‌ಗೆ ಏರಿಸುವುದು ಮನೆಯಿಂದ ಆಗುತ್ತದೆ. ಸಕಲೇಶಪುರದ ಹೋಮ್‌ಸ್ಟೇ ಆದರೆ ಬೆಂಗಳೂರಿನಿಂದ ಬರುವ ವಿಚಾರಣೆಗೆ ಉತ್ತರ, ಬುಕಿಂಗ್ ಪಟ್ಟಿ, ದಾರಿಯ ಲೊಕೇಶನ್ ಕಳಿಸುವುದು. ಮಳೆಗಾಲದಲ್ಲಿ ತೋಟದ ಕಡೆ ನೆಟ್‌ವರ್ಕ್ ಕೈಕೊಟ್ಟಾಗ ಪೇಟೆಯಲ್ಲಿ ಕೂತವರು ಫೋನ್ ಎತ್ತಿದರೆ ಅದೇ ದೊಡ್ಡ ಅನುಕೂಲ. ಬೇಲೂರು, ಹಳೇಬೀಡಿನಲ್ಲಿ ಪ್ರವಾಸಿಗರನ್ನೇ ನಂಬಿದ ಹೋಟೆಲ್, ಕರಕುಶಲ ಅಂಗಡಿಗಳಿಗೆ ಗೂಗಲ್‌ನಲ್ಲಿ ಫೋಟೊ, ಸಮಯ, ವಿಮರ್ಶೆಗೆ ಉತ್ತರ ನೋಡಿಕೊಳ್ಳುವವರು ಬೇಕು. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನದ ಲಾಡ್ಜ್‌ಗಳಿಗೆ ಬರುವ ಕರೆ ಎಷ್ಟು ಅಂತ ಯಾರೂ ಹೇಳಬೇಕಿಲ್ಲ. ವರ್ಷವಿಡೀ ಬೇಡ, ಹಬ್ಬದ ಒಂದು ತಿಂಗಳಿಗೆ ಮಾತ್ರ ಸಾಕು ಎನ್ನುವವರಿಗೂ ಈ ವ್ಯವಸ್ಥೆ ಹೊಂದುತ್ತದೆ.

ಕೊಡಬಾರದ ಕೆಲಸವೂ ಇದೆ. ಬೆಲೆ ಇಳಿಸುವ ತೀರ್ಮಾನ, ಯಾರಿಗೆ ಬಾಕಿ ಕೊಡಬೇಕು ಎನ್ನುವ ತೀರ್ಮಾನ, ಹಣ ಬಂತೋ ಇಲ್ಲವೋ ಎನ್ನುವ ಖಾತರಿ. ಈ ಮೂರೂ ಮಾಲೀಕರ ಕೈಯಲ್ಲೇ ಇರಬೇಕು.

ಮೊದಲು ಪುಕ್ಕಟೆ ಸಿಗೋದನ್ನ ಬಳಸಿ

ಸಂಬಳ ಕೊಟ್ಟು ಜನ ಇಟ್ಟುಕೊಳ್ಳುವ ಮೊದಲು ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಇದಕ್ಕೆ ದುಡ್ಡಿಲ್ಲ. ಅಂಗಡಿ ಮುಚ್ಚಿರುವಾಗ ತಾನಾಗಿ ಉತ್ತರ ಹೋಗುವಂತೆ ಅವೇ ಮೆಸೇಜ್ ಇಡಬಹುದು: "ಅಂಗಡಿ ಬೆಳಿಗ್ಗೆ 9ಕ್ಕೆ ತೆರೆಯುತ್ತೆ, ಬೇಕಾದ ಸಾಮಾನಿನ ಪಟ್ಟಿ ಕಳಿಸಿರಿ, ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ." ಅಷ್ಟೇ ಸಾಲು ಎಷ್ಟೋ ಗಿರಾಕಿಗಳನ್ನು ಹಿಡಿದಿಡುತ್ತದೆ. ಪದೇ ಪದೇ ಬರುವ ಪ್ರಶ್ನೆಗೆ ಕ್ವಿಕ್ ರಿಪ್ಲೈ, ಮಾಲಿನ ಫೋಟೊ ಮತ್ತು ಬೆಲೆಗೆ ಕ್ಯಾಟಲಾಗ್, ಹೊಸ ಆರ್ಡರ್, ಹಣ ಬಾಕಿ, ಪಾರ್ಸೆಲ್ ಆಯ್ತು ಅಂತ ಚಾಟ್‌ಗಳಿಗೆ ಗುರುತು ಹಾಕಲು ಲೇಬಲ್ ಇವೆ. ಒಂದು ಮಾತು ನೆನಪಿರಲಿ: ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಕಳಿಸಿದ ಮೆಸೇಜ್ ಮುಟ್ಟುವುದು ಅಂಗಡಿಯ ನಂಬರ್ ಸೇವ್ ಮಾಡಿಕೊಂಡ ಗಿರಾಕಿಗೆ ಮಾತ್ರ.

ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಉಚಿತ. "ಗೂಗಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಅಂಗಡಿ ಮ್ಯಾಪ್‌ನಿಂದ ಹೋಗುತ್ತೆ, ಇಷ್ಟು ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಮ್ಯಾಪ್‌ನಲ್ಲಿ ಅಂಗಡಿ ಇರುವುದಕ್ಕೆ ಗೂಗಲ್ ಹಣ ಕೇಳುವುದಿಲ್ಲ.

ಇಷ್ಟು ಮಾಡಿ ಒಂದು ತಿಂಗಳು ನೋಡಿ. ಆಮೇಲೂ ಮೆಸೇಜ್ ಉಳಿಯುತ್ತಿದ್ದರೆ ಆಗ ಜನ ಬೇಕು ಅಂತ ಅರ್ಥ.

ಸಂಬಳ ಕೊಟ್ಟರೆ ಗಿಟ್ಟುತ್ತಾ? ಲೆಕ್ಕ ಹೀಗೆ

ಸಂಬಳ ಮೂರು ರೀತಿಯಲ್ಲಿ ಮಾತಾಡಿಕೊಳ್ಳಬಹುದು. ಗಂಟೆಗೆ ಇಷ್ಟು, ತಿಂಗಳಿಗೆ ಇಷ್ಟು, ಅಥವಾ ಕೆಲಸಕ್ಕೆ ಇಷ್ಟು. ಕ್ಯಾಟಲಾಗ್‌ಗೆ ಇನ್ನೂರು ಫೋಟೊ ಏರಿಸುವಂಥ ಒಂದು ಸಲದ ಕೆಲಸಕ್ಕೆ ಕೊನೆಯದು ಸರಿ. ದಿನದ ಮೆಸೇಜ್‌ಗೆ ಮೊದಲೆರಡು.

ಬರೀ ಲೆಕ್ಕಕ್ಕೆ ಒಂದು ಉದಾಹರಣೆ. ದಿನಕ್ಕೆ 2 ಗಂಟೆ, ತಿಂಗಳಿಗೆ 26 ದಿನ ಅಂದರೆ 52 ಗಂಟೆ. ಗಂಟೆಗೆ 100 ರೂಪಾಯಿ ಅಂತ ಮಾತಾದರೆ ತಿಂಗಳಿಗೆ 5,200 ರೂಪಾಯಿ. ಈ ಹಣ ಎಲ್ಲಿಂದ ಬರಬೇಕು? ನೂರಕ್ಕೆ 10 ರೂಪಾಯಿ ಉಳಿಯುವ ವ್ಯಾಪಾರ ಆದರೆ ತಿಂಗಳಿಗೆ 52,000 ರೂಪಾಯಿ ಹೆಚ್ಚುವರಿ ವ್ಯಾಪಾರ ಬಂದರೆ ಸಂಬಳ ಮಾತ್ರ ಹುಟ್ಟುತ್ತದೆ. ನೂರಕ್ಕೆ 5 ಉಳಿಯುವ ದಿನಸಿ ಅಂಗಡಿ ಆದರೆ 1,04,000 ರೂಪಾಯಿ ವ್ಯಾಪಾರ ಹೆಚ್ಚಬೇಕು. ನೂರಕ್ಕೆ 30 ಉಳಿಯುವ ಸೀರೆ, ಫ್ಯಾನ್ಸಿ, ಕೇಕ್ ವ್ಯಾಪಾರಕ್ಕೆ ಸುಮಾರು 17,300 ರೂಪಾಯಿ ಸಾಕು.

ಅದಕ್ಕೇ ಬೀದಿಯ ದಿನಸಿ ಅಂಗಡಿಗೆ ಇದು ಗಿಟ್ಟದೆ ಇರಬಹುದು, ಅದೇ ಬೀದಿಯ ಬೋಟಿಕ್‌ಗೆ ಗಿಟ್ಟಬಹುದು. ಪಕ್ಕದವರು ಇಟ್ಟುಕೊಂಡರು ಅಂತ ನಾವೂ ಇಟ್ಟುಕೊಳ್ಳುವ ವಿಷಯವಲ್ಲ ಇದು. ಇನ್ನೊಂದು ದಾರಿಯೂ ಇದೆ: ಒಂದೇ ಮಾಲಿನ ಪೈಪೋಟಿ ಇಲ್ಲದ ಮೂರು ಅಂಗಡಿಗಳು, ಅಂದರೆ ಒಂದು ಬೇಕರಿ, ಒಂದು ಮೊಬೈಲ್ ಅಂಗಡಿ, ಒಂದು ಟೈಲರಿಂಗ್, ಒಬ್ಬರನ್ನೇ ಸಮಯ ಹಂಚಿಕೊಂಡು ಇಟ್ಟುಕೊಳ್ಳುವುದು. ಖರ್ಚು ಹಂಚಿಹೋಗುತ್ತದೆ, ಕೆಲಸ ಮಾಡುವವರಿಗೂ ಕೈತುಂಬ ಸಂಬಳ ಸಿಗುತ್ತದೆ.

ಎಲ್ಲಿ ಹುಡುಕೋದು, ಹೇಗೆ ಪರೀಕ್ಷೆ ಮಾಡೋದು?

ದೇಶದ ಮಟ್ಟದ ವೆಬ್‌ಸೈಟ್‌ಗಳಲ್ಲಿ ಇಂಥ ಕೆಲಸದವರು ಬೇಕಾದಷ್ಟು ಸಿಗುತ್ತಾರೆ. ಆದರೆ "ಒಂದು ಕೊಳಗ", "ಮುಕ್ಕಾಲಿಂಚು ಎಲ್ಬೋ", "ಹೊನ್ನಾರು ದಿನ" ಅಂದರೆ ದಿಲ್ಲಿಯಲ್ಲಿ ಕೂತವರಿಗೆ ಏನು ಗೊತ್ತಾಗುತ್ತದೆ? ತಾಲ್ಲೂಕಿನ ಗಿರಾಕಿಗೆ ತಾಲ್ಲೂಕಿನ ಮಾತೇ ಬೇಕು. ಡಿಗ್ರಿ ಕಾಲೇಜು, ಪಾಲಿಟೆಕ್ನಿಕ್, ಟ್ಯಾಲಿ ಕಲಿಸುವ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಹೇಳಿದರೆ ಹತ್ತಿರದವರೇ ಸಿಗುತ್ತಾರೆ. ಮುಖ ನೋಡಿ ಮಾತಾಡಬಹುದು, ಮನೆ ಎಲ್ಲಿ ಅಂತ ಗೊತ್ತಿರುತ್ತದೆ. 18 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರ ಜೊತೆ ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ.

ಸರ್ಟಿಫಿಕೇಟ್ ನೋಡುವುದಕ್ಕಿಂತ ಒಂದು ಸಣ್ಣ ಪರೀಕ್ಷೆ ವಾಸಿ. ಗಿರಾಕಿಗಳ ಹಳೆಯ ಹತ್ತು ಪ್ರಶ್ನೆಗಳನ್ನು ಹೆಸರು, ನಂಬರ್ ತೆಗೆದು ಕೊಡಿ, ಬೆಲೆ ಪಟ್ಟಿಯೂ ಕೊಡಿ, ಉತ್ತರ ಬರೆಸಿ. ಕನ್ನಡ ಟೈಪಿಂಗ್ ಹೇಗಿದೆ, ಬೆಲೆ ತಪ್ಪಾಯ್ತಾ, ಗೊತ್ತಿಲ್ಲದ್ದಕ್ಕೆ "ಮಾಲೀಕರನ್ನ ಕೇಳಿ ಹೇಳ್ತೀನಿ" ಅಂದರಾ, ಇಲ್ಲ ಬಾಯಿಗೆ ಬಂದದ್ದು ಬರೆದರಾ? ಕೊನೆಯದೇ ಮುಖ್ಯ. ಸಿಟ್ಟಲ್ಲಿರುವ ಗಿರಾಕಿಯ ಒಂದು ಮೆಸೇಜೂ ಸೇರಿಸಿ, ಹೇಗೆ ಸಮಾಧಾನ ಮಾಡುತ್ತಾರೆ ನೋಡಿ. ಒಪ್ಪಿಗೆಯಾದರೆ ಒಂದು ವಾರ ಪ್ರಯೋಗಕ್ಕೆ ಇಟ್ಟುಕೊಳ್ಳಿ. ಆ ವಾರದ ದುಡ್ಡು ಕೊಡಲೇಬೇಕು. "ಟ್ರಯಲ್" ಅಂತ ಪುಕ್ಕಟೆ ದುಡಿಸಿಕೊಂಡರೆ ಒಳ್ಳೆಯವರು ಎರಡನೇ ವಾರ ಬರುವುದಿಲ್ಲ.

ಕೀಲಿ ಯಾವುದು ಕೊಡಬೇಕು, ಯಾವುದು ಕೊಡಬಾರದು?

ಅಂಗಡಿಯ ಬೀಗದ ಕೈಯನ್ನು ಹೊಸಬರಿಗೆ ಮೊದಲ ದಿನವೇ ಯಾರೂ ಕೊಡುವುದಿಲ್ಲ. ಫೋನ್ ವಿಷಯದಲ್ಲಿ ಮಾತ್ರ "ಪಾಸ್‌ವರ್ಡ್ ಬರ್ಕೊಳಮ್ಮಾ" ಅಂದುಬಿಡುತ್ತಾರೆ.

ವಾಟ್ಸಾಪ್: ಮನೆಯವರ ಜೊತೆ ಮಾತಾಡುವ ನಂಬರೇ ಅಂಗಡಿಯ ನಂಬರ್ ಆಗಿದ್ದರೆ ಮೊದಲು ಬೇರೆ ಸಿಮ್ ತೆಗೆದುಕೊಳ್ಳಿ. ಸಿಮ್ ಇರುವ ಫೋನ್ ಅಂಗಡಿಯಲ್ಲೇ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ಅಂತ ಇದೆ, ಅದರ ಮೂಲಕ 4 ಸಾಧನಗಳ ತನಕ ಜೋಡಿಸಬಹುದು. ಸಹಾಯಕರ ಕಂಪ್ಯೂಟರ್ ಅಥವಾ ಫೋನ್ ಅಲ್ಲಿ ಜೋಡಿಸಿದರೆ ಸಾಕು. ಬೇಡವಾದ ದಿನ ಅಲ್ಲೇ ಲಾಗ್ ಔಟ್ ಒತ್ತಿದರೆ ಮುಗಿಯಿತು. ಮುಖ್ಯ ಫೋನ್ 14 ದಿನಕ್ಕಿಂತ ಹೆಚ್ಚು ಬಳಸದೆ ಇಟ್ಟರೆ ಜೋಡಿಸಿದವು ತಾವಾಗಿ ಕಳಚಿಕೊಳ್ಳುತ್ತವೆ. ನೋಂದಣಿಯ ಆರಂಕಿ ಓಟಿಪಿಯನ್ನು ಮಾತ್ರ ಯಾರಿಗೂ ಹೇಳಬಾರದು. ಅದು ಹೋದರೆ ನಂಬರೇ ಹೋದಂತೆ. ಟು ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿಡಿ.

ಗೂಗಲ್ ಮ್ಯಾಪ್: ಅಂಗಡಿಯ ಜಿಮೇಲ್ ಪಾಸ್‌ವರ್ಡ್ ಕೊಡುವ ಅಗತ್ಯವಿಲ್ಲ. ಸಹಾಯಕರ ಇಮೇಲ್ ಅನ್ನು ಮ್ಯಾನೇಜರ್ ಅಂತ ಸೇರಿಸಬಹುದು. ಮ್ಯಾನೇಜರ್ ಫೋಟೊ ಹಾಕಬಹುದು, ವಿಮರ್ಶೆಗೆ ಉತ್ತರ ಕೊಡಬಹುದು, ಆದರೆ ಪ್ರೊಫೈಲ್ ಅಳಿಸಲು, ಮಾಲೀಕರನ್ನು ತೆಗೆಯಲು ಆಗುವುದಿಲ್ಲ. ಯಾರೋ ಹುಡುಗ ಬಂದು "ಮ್ಯಾಪ್‌ಗೆ ಹಾಕಿಕೊಡ್ತೀನಿ" ಅಂತ ತನ್ನ ಜಿಮೇಲ್‌ನಲ್ಲೇ ಹಾಕಿದ್ದರೆ, ಓನರ್ ಯಾರು ಅಂತ ಇವತ್ತೇ ನೋಡಿಕೊಳ್ಳಿ.

ಸ್ಟಾಕ್, ಬೆಲೆ ಪಟ್ಟಿ: ಗೂಗಲ್ ಶೀಟ್‌ನಲ್ಲಿ ಇಟ್ಟರೆ ನೋಡಲು ಮಾತ್ರ, ಅಥವಾ ತಿದ್ದಲು ಅಂತ ಬೇರೆ ಬೇರೆ ಅನುಮತಿ ಕೊಡಬಹುದು. ಬೆಲೆಯ ಶೀಟ್ ನೋಡಲು ಮಾತ್ರ, ಆರ್ಡರ್ ಶೀಟ್ ತಿದ್ದಲು ಇರಲಿ. ಏನಾದರೂ ಅಳಿಸಿಹೋದರೆ ವರ್ಶನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತದೆ. ಮಾಲು ಕೊಂಡ ಬೆಲೆ ಇರುವ ಕಾಲಂ ಗಿರಾಕಿ ಜೊತೆ ಮಾತಾಡುವವರಿಗೆ ಕಾಣಬೇಕಿಲ್ಲ.

ಯುಪಿಐ, ಬ್ಯಾಂಕ್: ಪಿನ್, ಓಟಿಪಿ, ನೆಟ್ ಬ್ಯಾಂಕಿಂಗ್ ಯಾವುದೂ ಇಲ್ಲ. ಹಣ ಬರಲು ಪಿನ್ ಬೇಕಾಗುವುದಿಲ್ಲ, ಹೋಗಲು ಮಾತ್ರ ಬೇಕು. ಗಿರಾಕಿ ಕಳಿಸಿದ ಪೇಮೆಂಟ್ ಸ್ಕ್ರೀನ್‌ಶಾಟ್ ನೋಡಿ ಮಾಲು ಬಿಡಬಾರದು, ಸ್ಕ್ರೀನ್‌ಶಾಟ್ ತಯಾರು ಮಾಡೋದು ಈಗ ನಿಮಿಷದ ಕೆಲಸ. ಪದ್ಧತಿ ಹೀಗಿರಲಿ: ಸಹಾಯಕರು ಆರ್ಡರ್ ಬರೆದುಕೊಳ್ಳುತ್ತಾರೆ, ಮಾಲೀಕರು ತಮ್ಮ ಆ್ಯಪ್‌ನಲ್ಲಿ ಅಥವಾ ಸೌಂಡ್‌ಬಾಕ್ಸ್‌ನಲ್ಲಿ ಹಣ ಬಂದದ್ದು ನೋಡಿ "ಬಂತು" ಅಂತ ಒಂದು ಮಾತು ಹಾಕುತ್ತಾರೆ, ಆಮೇಲೆ ಪಾರ್ಸೆಲ್ ಬಸ್ಸಿಗೆ ಹೋಗುತ್ತದೆ. ಮುಂಗಡ ಹಣವೂ ಅಂಗಡಿಯ ಕ್ಯೂಆರ್‌ಗೇ ಬರಬೇಕು, ಸಹಾಯಕರ ನಂಬರಿಗೆ ಅಲ್ಲ.

ಜಿಎಸ್‌ಟಿ: ಇಲ್ಲಿ ಎಡವಿದರೆ ದಂಡ ಅಂಗಡಿಗೇ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಯಾರೂ ಮರೆತಿಲ್ಲ. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಬೇಕು. ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ಬೇಕಿಲ್ಲ. ಆದರೆ ಯಾವುದು ತೆರಿಗೆ ಇರುವ ಮಾಲು, ಯಾವುದು ಇಲ್ಲದ್ದು, ಯಾವ ಹಣ ವ್ಯಾಪಾರದ್ದು, ಯಾವುದು ನೆಂಟರಿಂದ ಬಂದ ಕೈಸಾಲ ಅಂತ ದಿನದಿನದ ಲೆಕ್ಕ ಇದ್ದವರು ಮಾತ್ರ ಇಲಾಖೆ ಮುಂದೆ ತೋರಿಸಬಲ್ಲರು. ಈ ದಿನದ ಲೆಕ್ಕ ಬರೆದಿಡುವುದು ಮನೆಯಿಂದ ಕೆಲಸ ಮಾಡುವವರಿಗೆ ಕೊಡಬಹುದಾದ ಅತ್ಯುತ್ತಮ ಕೆಲಸ.

ರಿಟರ್ನ್ ಹಾಕುವುದು ಮಾತ್ರ ಆಡಿಟರ್ ಕೆಲಸ. ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, 3ಬಿಗೆ 20 ಕೊನೆಯ ದಿನ. ವಹಿವಾಟು 5 ಕೋಟಿ ಒಳಗಿದ್ದು ಮೂರು ತಿಂಗಳಿಗೊಮ್ಮೆ ಹಾಕುವ ಪದ್ಧತಿ ಆರಿಸಿಕೊಂಡವರಿಗೆ ಕರ್ನಾಟಕದಲ್ಲಿ 13 ಮತ್ತು 22. ತಡವಾದರೆ ದಿನಕ್ಕೆ 50 ರೂಪಾಯಿ, ವ್ಯಾಪಾರವೇ ಇಲ್ಲದ ನಿಲ್ ರಿಟರ್ನ್‌ಗೆ 20 ರೂಪಾಯಿ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಈ ತಾರೀಖಿಗೆ ಐದು ದಿನ ಮೊದಲೇ ಬಿಲ್ ಪಟ್ಟಿ ಆಡಿಟರ್ ಕೈಸೇರುವಂತೆ ನೋಡಿಕೊಳ್ಳುವ ಹೊಣೆ ಸಹಾಯಕರಿಗೆ ವಹಿಸಿ.

ಎರಡು ಸೂಕ್ಷ್ಮ ಇವೆ. ಕಾಂಪೊಸಿಷನ್‌ನಲ್ಲಿ ಇರುವ ಅಂಗಡಿ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಗೊತ್ತಿಲ್ಲದ ಸಹಾಯಕರು ಬಿಲ್‌ನಲ್ಲಿ ಶೇ 18 ಸೇರಿಸಿಬಿಟ್ಟರೆ, ಇಲ್ಲವೇ ಇನ್‌ಸ್ಟಾಗ್ರಾಂ ನೋಡಿ ಚೆನ್ನೈನಿಂದ ಬಂದ ಆರ್ಡರ್‌ಗೆ "ಕಳಿಸ್ತೀವಿ ಮೇಡಂ" ಅಂದುಬಿಟ್ಟರೆ ತೊಂದರೆ ಮಾಲೀಕರಿಗೆ. ನೋಂದಣಿಯೇ ಇಲ್ಲದ ಅಂಗಡಿಯೂ ತೆರಿಗೆ ಬೀಳುವ ಮಾಲನ್ನು ಹೊರರಾಜ್ಯಕ್ಕೆ ಮಾರಬೇಕಾದರೆ, ಕೆಲವು ಕರಕುಶಲ ವಸ್ತುಗಳಿಗಿರುವ ವಿನಾಯಿತಿ ಬಿಟ್ಟರೆ, 40 ಲಕ್ಷದ ಮಿತಿ ಕೆಲಸಕ್ಕೆ ಬರುವುದಿಲ್ಲ, ನೋಂದಣಿ ಬೇಕೇ ಬೇಕು. ಮೊದಲ ದಿನವೇ ಇದನ್ನು ಬರೆದು ಕೊಡಿ.

ಇನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾದ ಮೊಬೈಲ್, ಇಮೇಲ್ ಯಾರದ್ದು ಅಂತ ನೋಡಿಕೊಳ್ಳಿ. ಸಹಾಯಕರದ್ದೋ ಆಡಿಟರ್ ಕಚೇರಿಯದ್ದೋ ಆಗಿದ್ದರೆ ಇಲಾಖೆಯ ಸೂಚನೆ ಮಾಲೀಕರಿಗೆ ಮುಟ್ಟುವುದೇ ಇಲ್ಲ. ಅದನ್ನು ಪೋರ್ಟಲ್‌ನಲ್ಲೇ ಬದಲಾಯಿಸಬಹುದು.

ಬಾಯಿಮಾತು ಸಾಲದು, ಒಂದು ಹಾಳೆ ಬರೆಯಿರಿ

ಎರಡೂ ಕಡೆಯವರು ಸಹಿ ಮಾಡಿದ ಒಂದು ಹಾಳೆ ಸಾಕು. ಅದರಲ್ಲಿ ಕೆಲಸ ಯಾವುದು, ಸಮಯ ಎಷ್ಟರಿಂದ ಎಷ್ಟರವರೆಗೆ, ಸಂಬಳ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವಾಗ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಅಂತ ಇರಲಿ. ಗಿರಾಕಿಗಳ ನಂಬರ್, ಬೆಲೆ, ಬಾಕಿ ಲೆಕ್ಕವನ್ನು ಹೊರಗೆ ಕೊಡುವಂತಿಲ್ಲ ಎಂಬ ಸಾಲು ಇರಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಅದರ ಪ್ರಕಾರ ಗಿರಾಕಿಯ ಮಾಹಿತಿಯನ್ನು ಬೇರೆಯವರ ಕೈಯಲ್ಲಿ ಕೆಲಸಕ್ಕೆ ಕೊಟ್ಟರೂ ಹೊಣೆ ಕೊಟ್ಟವರದ್ದೇ.

"ನಮ್ಮಲ್ಲಿ ಬಿಟ್ಟ ಮೇಲೆ ಬೇರೆ ಅಂಗಡಿಗೆ ಇಂಥ ಕೆಲಸ ಮಾಡಬಾರದು" ಅಂತ ಬರೆಸಿಕೊಂಡರೆ ಉಪಯೋಗವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬರ ದುಡಿಮೆಗೆ ತಡೆ ಹಾಕುವ ಇಂಥ ಷರತ್ತು ನಿಲ್ಲುವುದಿಲ್ಲ. ಮಾಹಿತಿ ಗುಟ್ಟಾಗಿಡಬೇಕು ಎನ್ನುವ ಷರತ್ತು ಬೇರೆ, ಅದನ್ನು ಹಾಕಬಹುದು.

ಸಂಬಳ ಬ್ಯಾಂಕ್ ಖಾತೆಗೇ ಹಾಕಿ. ಖರ್ಚಿನ ಲೆಕ್ಕಕ್ಕೂ ಸಾಕ್ಷಿ, ಕೆಲಸ ಮಾಡಿದವರಿಗೂ ಸಾಕ್ಷಿ.

ಕೆಲಸ ಮಾಡುವವರೂ ಗಮನಿಸಿ

ಮನೆಯಿಂದ ಕೆಲಸ ಎಂಬ ಹೆಸರಿನಲ್ಲಿ ಮೋಸ ಹೋಗುವವರಲ್ಲಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರೇ ಹೆಚ್ಚು ಸಿಕ್ಕಿಬೀಳುತ್ತಾರೆ. ನಿಜವಾದ ಕೆಲಸಕ್ಕೆ ರಿಜಿಸ್ಟ್ರೇಶನ್ ಫೀ, ಡೆಪಾಸಿಟ್ ಅಂತ ಯಾರೂ ಕೇಳುವುದಿಲ್ಲ. "ನಿನ್ನ ಖಾತೆಗೆ ಹಣ ಬರುತ್ತೆ, ಕಮಿಷನ್ ಇಟ್ಕೊಂಡು ಮುಂದಕ್ಕೆ ಕಳಿಸು" ಅಂದರೆ ಅದು ಕೆಲಸವಲ್ಲ, ಕದ್ದ ಹಣ ಸಾಗಿಸುವ ದಾರಿ. ಖಾತೆ ಸ್ಥಗಿತವಾಗಿ, ಪೊಲೀಸರು ಬಂದಾಗ ಉತ್ತರ ಹೇಳಬೇಕಾದವರು ಖಾತೆದಾರರು. ಇಂಥದ್ದಕ್ಕೆ ಸಿಕ್ಕಿಹಾಕಿಕೊಂಡರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸ್ವಂತ ನಂಬರ್‌ನಿಂದ ಗಿರಾಕಿಗಳ ಜೊತೆ ಮಾತಾಡಬೇಡಿ, ಅಂಗಡಿಯ ನಂಬರ್‌ನಿಂದಲೇ ಮಾತಾಡಿ. ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತಿನಲ್ಲಿ ಬೇಡದ ಮೆಸೇಜ್ ಬರುವುದು ಇದರಿಂದ ಎಷ್ಟೋ ತಪ್ಪುತ್ತದೆ. ಅಂಥವರನ್ನು ಬ್ಲಾಕ್ ಮಾಡುವ ಅಧಿಕಾರ ಮಾಲೀಕರು ಮೊದಲೇ ಕೊಟ್ಟಿರಬೇಕು. ಎರಡು ಗಂಟೆ ಸಂಬಳಕ್ಕೆ ಇಡೀ ದಿನ ಫೋನ್ ಕೈಯಲ್ಲಿ ಹಿಡಿದಿರಬೇಕು ಎಂದು ನಿರೀಕ್ಷಿಸುವುದೂ ಸರಿಯಲ್ಲ.

ಮೊದಲ ತಿಂಗಳು ಹೀಗೆ

ಮೊದಲ ವಾರ ಸಹಾಯಕರು ಉತ್ತರ ಬರೆದು ಮಾಲೀಕರಿಗೆ ತೋರಿಸಿಯೇ ಗಿರಾಕಿಗೆ ಕಳಿಸಲಿ. ಎರಡನೇ ವಾರ ಅಂಗಡಿಯ ಸಮಯ, ವಿಳಾಸ, ಮಾಲು ಇದೆಯಾ ಇಲ್ಲವಾ ಎನ್ನುವಂಥ ಪ್ರಶ್ನೆಗೆ ತಾವೇ ಉತ್ತರ ಕೊಡಲಿ. ಮೂರನೇ ವಾರ ಬೆಲೆ ಪಟ್ಟಿಯಲ್ಲಿ ಇರುವ ಬೆಲೆ ಹೇಳಲಿ. ಚೌಕಾಸಿ ಬಂದರೆ ಮಾಲೀಕರಿಗೆ ಕಳಿಸಲಿ. ಬೆಲೆ ಬದಲಾದ ದಿನ ಅಂಗಡಿ ತೆರೆಯುವ ಮೊದಲೇ ಪಟ್ಟಿ ತಿದ್ದಬೇಕಾದವರು ಮಾಲೀಕರು. ಹಳೇ ಬೆಲೆ ಹೇಳಿ ಗಿರಾಕಿ ಜಗಳಕ್ಕೆ ಬಂದರೆ ಅದು ಸಹಾಯಕರ ತಪ್ಪಲ್ಲ. ದಿನಾ ಸಂಜೆ ಹತ್ತು ನಿಮಿಷ ಫೋನ್‌ನಲ್ಲಿ ಮಾತು ಇರಲಿ: ಎಷ್ಟು ವಿಚಾರಣೆ ಬಂತು, ಎಷ್ಟು ಆರ್ಡರ್ ಆಯ್ತು, ಯಾವುದಕ್ಕೆ ಉತ್ತರ ಗೊತ್ತಾಗಲಿಲ್ಲ. ತಿಂಗಳ ಕೊನೆಯಲ್ಲಿ ಮೇಲೆ ಹೇಳಿದ ಸಂಬಳದ ಲೆಕ್ಕಕ್ಕೆ ಈ ಆರ್ಡರ್ ಲೆಕ್ಕ ಹಿಡಿದು ನೋಡಿದರೆ ಮುಂದುವರಿಸಬೇಕೋ ಬೇಡವೋ ತಾನೇ ಗೊತ್ತಾಗುತ್ತದೆ.

ಕೆಲಸ ಬಿಟ್ಟ ದಿನ ಏನು ಮಾಡಬೇಕು?

ಒಳ್ಳೆ ಮಾತಲ್ಲೇ ಬಿಟ್ಟು ಹೋದರೂ ಅದೇ ದಿನ ಸಂಬಳ ಚುಕ್ತಾ ಮಾಡಿ, ಆಮೇಲೆ ಈ ಐದು ಕೆಲಸ ಮುಗಿಸಿ:

1. ವಾಟ್ಸಾಪ್ ಲಿಂಕ್ಡ್ ಡಿವೈಸಸ್‌ನಿಂದ ಅವರ ಸಾಧನ ಲಾಗ್ ಔಟ್.
2. ಗೂಗಲ್ ಪ್ರೊಫೈಲ್‌ನ ಮ್ಯಾನೇಜರ್ ಪಟ್ಟಿಯಿಂದ ಹೆಸರು ತೆಗೆಯುವುದು.
3. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಾವಣೆ.
4. ಗೂಗಲ್ ಶೀಟ್‌ಗಳ ಶೇರಿಂಗ್ ನಿಲ್ಲಿಸುವುದು.
5. ಬಾಕಿ ಇರುವ ಆರ್ಡರ್, ಮುಂಗಡ ಕೊಟ್ಟವರ ಪಟ್ಟಿ ಬರೆಸಿಕೊಳ್ಳುವುದು.

ಇದುವರೆಗೆ ಯಾರನ್ನೂ ಇಟ್ಟುಕೊಳ್ಳದ ಅಂಗಡಿಯವರೂ ಮೊದಲನೆಯದನ್ನು ಇವತ್ತು ರಾತ್ರಿ ನೋಡಬಹುದು. ಯಾವತ್ತೋ ಪ್ರಿಂಟ್ ತೆಗೆಸಲು ಹೋದಾಗ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ಜೋಡಿಸಿದ ವಾಟ್ಸಾಪ್ ಅಲ್ಲೇ ತೆರೆದಿದ್ದರೆ, ಸಂಬಳ ಕೇಳದ ಸಹಾಯಕರೊಬ್ಬರು ಈಗಾಗಲೇ ಎಲ್ಲ ಚಾಟ್ ಓದುತ್ತಿರಬಹುದು.